ಗಿರಿಯಲ್ಲಿ ಹೂವಿನ ಕಾಲ: ಸೀತಾಳೆ, ಕಾಡು ಆರ್ಕಿಡ್ ಗುರುತಿಸೋದು ಹೇಗೆ? ಯಾವ ತಿಂಗಳು, ಎಲ್ಲಿ ನೋಡಬೇಕು?

ಚಿಕ್ಕಮಗಳೂರು: ಮುಳ್ಳಯ್ಯನಗಿರಿಗೆ ಹೋಗಿ ಬಂದವರನ್ನು ಕೇಳಿದರೆ ಮಂಜು, ಗಾಳಿ, ಟ್ರಾಫಿಕ್ ಜಾಮ್ ಈ ಮೂರರ ಬಗ್ಗೆ ಹೇಳುತ್ತಾರೆ. ದಾರಿಯಲ್ಲಿ ಯಾವ ಹೂ ನೋಡಿದ್ರಿ ಅಂತ ಕೇಳಿದರೆ ಹೆಚ್ಚಿನವರ ಬಳಿ ಉತ್ತರ ಇರಲ್ಲ. ಫೆಬ್ರವರಿಯಿಂದ ಜೂನ್ ಮೊದಲ ವಾರದವರೆಗೆ ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿ ಹೂವಿಲ್ಲದ ವಾರವೇ ಇಲ್ಲ. ಆದರೆ ಅವು ರಸ್ತೆ ಬದಿ ಬೋರ್ಡ್ ಹಾಕಿಕೊಂಡು ನಿಂತಿರಲ್ಲ. ತಲೆ ಎತ್ತಿ ಮರದ ಕೊಂಬೆ ನೋಡಬೇಕು, ಇಲ್ಲವೇ ಬಗ್ಗಿ ತರಗೆಲೆ ನೋಡಬೇಕು.

ಅಂಗಡಿ, ಹೋಂಸ್ಟೇ, ಜೀಪು ಇಟ್ಟುಕೊಂಡವರಿಗೆ ಬೇಸಿಗೆಯಲ್ಲಿ ಬರುವ ಪ್ರವಾಸಿಗರ ಒಂದೇ ಪ್ರಶ್ನೆ: "ಮಂಜಿಲ್ಲ, ಜಲಪಾತದಲ್ಲಿ ನೀರಿಲ್ಲ, ಈಗೇನು ನೋಡೋದು?" ಅವರಿಗೆ ಉತ್ತರ ಹೇಳಲು, ನಮ್ಮೂರಿನವರೇ ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿ ಬರಲು ಮತ್ತು ತೋಟದಲ್ಲಿ ಮರಗಸಿ ಶುರು ಮಾಡುವ ಮುನ್ನ ಒಮ್ಮೆ ಓದಿಕೊಳ್ಳಲು ಈ ಲೇಖನ.

ಸೀತಾಳೆ ಅಂದ್ರೆ ಯಾವುದು?

ಮಲೆನಾಡಿನಲ್ಲಿ ಸೀತಾಳೆ ದಂಡೆ, ಸೀತೆದಂಡೆ ಅಂತ ಕರೆಯೋದು ಒಂದು ನಿರ್ದಿಷ್ಟ ಆರ್ಕಿಡ್ ಅನ್ನು. ಶಾಸ್ತ್ರೀಯ ಹೆಸರು ರಿಂಕೊಸ್ಟೈಲಿಸ್ ರೆಟೂಸಾ. ಮರದ ಕೊಂಬೆಯಿಂದ ಒಂದು ಗೇಣು, ಕೆಲವೊಮ್ಮೆ ಒಂದು ಮೊಳದಷ್ಟು ಉದ್ದಕ್ಕೆ ಜೋತುಬಿದ್ದ ಹೂಮಾಲೆ. ಬಿಳಿ ಹೂವಿನ ಮೇಲೆ ಗುಲಾಬಿ-ನೇರಳೆ ಚುಕ್ಕೆ, ಒತ್ತೊತ್ತಾಗಿ ನೂರಾರು ಹೂ. ದೂರದಿಂದ ನೋಡಿದರೆ ನರಿಯ ಬಾಲದ ಹಾಗೆ ಕಾಣುತ್ತದೆ, ಇಂಗ್ಲಿಷ್ ಹೆಸರೂ ಅದೇ ಅರ್ಥದ್ದು. ವನವಾಸದಲ್ಲಿ ಸೀತೆ ಮುಡಿದ ಹೂ ಅನ್ನೋದು ನಮ್ಮ ಕಡೆಯ ನಂಬಿಕೆ. ಬೇರೆ ಕಡೆ ಇದನ್ನೇ ದ್ರೌಪದಿ ಮಾಲೆ ಅಂತಾರೆ. ಅಸ್ಸಾಂನಲ್ಲಿ ಇದು ರಾಜ್ಯ ಪುಷ್ಪ, ಬಿಹು ಕುಣಿಯುವ ಹೆಣ್ಣುಮಕ್ಕಳು ಮುಡಿಗೆ ಏರಿಸುವ 'ಕೊಪೌ ಫೂಲ್' ಇದೇ.

ನಮ್ಮಲ್ಲಿ ಇದು ಅರಳೋದು ಮೇ ಮಧ್ಯದಿಂದ ಜೂನ್. ಅಂದರೆ ಮುಂಗಾರಿಗೆ ಮೊದಲ ಎರಡು-ಮೂರು ಒಳ್ಳೆ ಮಳೆ ಬಿದ್ದಾಗ. ಮಾವು, ಹಲಸು, ಮತ್ತಿ, ಗೋಣಿಯಂಥ ಹಳೇ ಮರಗಳ ಮೇಲೆ ನೋಡಿ. ಊರೊಳಗೆ ಇರುವ ಹಳೇ ಮಾವಿನ ಮರದಲ್ಲೂ ಇರುತ್ತದೆ, ಅದಕ್ಕಾಗಿ ಗಿರಿ ಹತ್ತಲೇಬೇಕು ಅಂತೇನಿಲ್ಲ.

ಆರ್ಕಿಡ್ ಅಂದ ಕೂಡಲೇ ಎಲ್ಲವೂ ಸೀತಾಳೆ ಅಲ್ಲ. ಭಾರತದಲ್ಲಿ 1,250ಕ್ಕೂ ಹೆಚ್ಚು ಜಾತಿಯ ಆರ್ಕಿಡ್‌ಗಳಿವೆ. ನಮ್ಮ ಘಟ್ಟದಲ್ಲಿರುವ ಎಷ್ಟೋ ಜಾತಿಯ ಹೂ ಭತ್ತದ ಕಾಳಿಗಿಂತ ಚಿಕ್ಕದು, ಕನ್ನಡಕ ಹಾಕಿಕೊಂಡು ಹುಡುಕಬೇಕು. ಹೂವಿನ ಗಾತ್ರ ಏನೇ ಇರಲಿ, ಗುರುತು ಒಂದೇ: ಮೂರು ಹೊರದಳ, ಮೂರು ಒಳದಳ, ಒಳಗಿನ ಮೂರರಲ್ಲಿ ಒಂದು ದಳ ಮಾತ್ರ ಉಳಿದೆರಡಕ್ಕಿಂತ ಬೇರೆ ಆಕಾರ, ಬೇರೆ ಬಣ್ಣ. ಅದಕ್ಕೆ ತುಟಿ ಅಂತಾರೆ. ಹುಳು ಬಂದು ಇಳಿಯುವ ಜಾಗ ಅದು. ಬೇರೆ ಹೂಗಳಂತೆ ನಡುವೆ ಕೇಸರಗಳ ಗೊಂಚಲು ಇರುವುದಿಲ್ಲ, ಗಂಡು-ಹೆಣ್ಣು ಭಾಗ ಎರಡೂ ಸೇರಿ ಒಂದೇ ಪುಟ್ಟ ಕಂಬವಾಗಿರುತ್ತದೆ. ಪರಾಗ ಪುಡಿಯಾಗಿ ಉದುರುವ ಬದಲು ಮುದ್ದೆಯಾಗಿ ಹುಳುವಿನ ತಲೆಗೋ ಬೆನ್ನಿಗೋ ಅಂಟಿಕೊಂಡು ಹೋಗುತ್ತದೆ.

ಇಷ್ಟು ಕಷ್ಟ ಬೇಡ ಅಂದ್ರೆ ನಮ್ಮ ಬೆಳೆಗಾರರಿಗೆ ಒಂದು ಸುಲಭದ ಉದಾಹರಣೆ ಇದೆ. 2000ದ ದಶಕದ ಆರಂಭದಲ್ಲಿ ಬೆಲೆ ಗಗನಕ್ಕೇರಿ ಆಮೇಲೆ ಪಾತಾಳಕ್ಕೆ ಇಳಿದ ವೆನಿಲ್ಲಾ ನೆನಪಿದೆಯಲ್ಲ? ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡಿದ್ದೆವಲ್ಲ? ಆ ವೆನಿಲ್ಲಾ ಕೂಡ ಆರ್ಕಿಡ್ಡೇ. ಅದರ ಹೂವನ್ನು ನೆನಪಿಸಿಕೊಂಡರೆ ಕಾಡಿನ ಆರ್ಕಿಡ್ ಗುರುತು ಹಿಡಿಯೋದು ಕಷ್ಟ ಆಗಲ್ಲ.

ಬದನಿಕೆ ಬೇರೆ, ಆರ್ಕಿಡ್ ಬೇರೆ

ಇದು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯ ಮಾತು. ತೋಟದಲ್ಲಿ ಮರದ ಮೇಲೆ ಏನೇ ಹಸಿರು ಅಂಟಿಕೊಂಡಿದ್ದರೂ 'ಬದನಿಕೆ ಹಿಡಿದಿದೆ, ಕೆರೆದು ಹಾಕು' ಅನ್ನುವ ಅಭ್ಯಾಸ ನಮ್ಮಲ್ಲಿದೆ. ಬದನಿಕೆ ಅಥವಾ ಬಂದಳಿಕೆ ನಿಜವಾಗಿ ಮರದ ರಸ ಹೀರುತ್ತದೆ. ಅದರ ಬುಡ ಕೊಂಬೆಯೊಳಗೇ ಇಳಿದು, ಸೇರಿದ ಜಾಗದಲ್ಲಿ ಗಂಟು ಕಟ್ಟಿರುತ್ತದೆ. ಹೂ ಕೊಳವೆಯಂತೆ ಇರುತ್ತದೆ, ಅಂಟು ಹಣ್ಣನ್ನು ಬದನಿಕೆ ಹಕ್ಕಿ ತಿಂದು ಬೀಜವನ್ನು ಮುಂದಿನ ಕೊಂಬೆಗೆ ಒರೆಸಿ ಹೋಗುತ್ತದೆ. ಅದನ್ನು ಕಡಿಯಬೇಕು, ಸರಿ.

ಆರ್ಕಿಡ್ ಹಾಗಲ್ಲ. ಅದರ ಬೇರು ಹಗ್ಗದ ಹಾಗೆ ತೊಗಟೆಯ ಮೇಲೆ ಹರಡಿ ಹಿಡಿದುಕೊಂಡಿರುತ್ತದೆ, ಒಳಗೆ ಇಳಿಯಲ್ಲ. ಒಣಗಿದಾಗ ಬೇರು ಬೂದು-ಬಿಳಿ, ಮಳೆ ಬಿದ್ದರೆ ಹಸಿರು. ಬೇರಿನ ಹೊರಗೆ ಸ್ಪಂಜಿನಂಥ ಪದರ ಇದೆ, ಮಳೆಹನಿ, ಮಂಜಿನ ತೇವವನ್ನು ಅದೇ ಹೀರಿಕೊಳ್ಳುತ್ತದೆ. ತೊಗಟೆಯ ಸಂದಿಯಲ್ಲಿ ಸೇರಿದ ಧೂಳು, ಕೊಳೆತ ಎಲೆಯೇ ಅದಕ್ಕೆ ಗೊಬ್ಬರ. ಮರದಿಂದ ಅದಕ್ಕೆ ಬೇಕಿರೋದು ಕೂರಲು ಜಾಗ ಮಾತ್ರ. ಬಾಡಿಗೆಯನ್ನೂ ಕೊಡಲ್ಲ, ಮನೆಯನ್ನೂ ಹಾಳು ಮಾಡಲ್ಲ.

ಈ ಗೊಂದಲ ಇವತ್ತಿನದಲ್ಲ. ವಾಂಡಾ ಅನ್ನುವ ಆರ್ಕಿಡ್ ಕುಲದ ಹೆಸರು ಬಂದದ್ದೇ ಸಂಸ್ಕೃತದ 'ವಂದಾ' ಪದದಿಂದ. ಮರದ ಮೇಲೆ ಬೆಳೆಯುವ ಗಿಡಗಳಿಗೆ ಹಿಂದಿನವರು ಬಳಸುತ್ತಿದ್ದ ಪದ ಅದು.

ಬೇಸಿಗೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತೆ. ಡೆಂಡ್ರೋಬಿಯಂ ಜಾತಿಯ ಕೆಲವು ಆರ್ಕಿಡ್‌ಗಳು ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ಒಣಗಿದ ಬೆರಳುಗಳ ಗೊಂಚಲಿನ ಹಾಗೆ ಕೊಂಬೆ ಮೇಲೆ ಕೂತಿರುತ್ತವೆ. ಸತ್ತಿದೆ ಅಂದುಕೊಂಡು ಕಿತ್ತು ಎಸೆಯುತ್ತಾರೆ. ಮಾರ್ಚ್‌ನಲ್ಲಿ ನೋಡಿದರೆ ಅದೇ ಒಣಕಡ್ಡಿಯ ಮೈತುಂಬ ಹೂ.

ತಿಂಗಳಿಗೊಂದು ಹೂ

ಕಾಲ ಪ್ರತಿ ವರ್ಷ ಒಂದೆರಡು ವಾರ ಹಿಂದೆ ಮುಂದೆ ಆಗುತ್ತೆ. ಮಳೆ ಹೇಗೆ ಬಂತು ಅನ್ನುವುದರ ಮೇಲೆ ನಿಂತಿದೆ.

ಫೆಬ್ರವರಿ-ಮಾರ್ಚ್‌ನಲ್ಲಿ ಮೊದಲು ಕಣ್ಣಿಗೆ ಬೀಳೋದು ಮರದ ಹೂಗಳೇ. ತರೀಕೆರೆ, ಕಡೂರು ಕಡೆಯಿಂದ ಬರುವವರಿಗೆ ದಾರಿಯಲ್ಲಿ ಮುತ್ತುಗ, ಬೂರುಗ. ಎಲೆಯೇ ಇಲ್ಲದೆ ಮರ ಪೂರ್ತಿ ಕೆಂಪು. ತೋಟದ ಒಳಗೆ ಮೆಣಸಿನ ಬಳ್ಳಿ ಹಬ್ಬಿಸಿದ ಹಾಲುವಾಣ ಕೂಡ ಇದೇ ಹೊತ್ತಿಗೆ ಕೆಂಪು ಹೂ ಬಿಡುತ್ತೆ, ಮೈನಾ, ಸೂರಕ್ಕಿಗಳ ಗಲಾಟೆ ಕೇಳಿಸಿದರೆ ಅಲ್ಲೇ ನೋಡಿ. ಇನ್ನೊಂದು ಕೆಂಪಿದೆ, ಅದು ಹೂವಲ್ಲ, ಸಾಗಡೆ ಮರದ ಚಿಗುರು. ದೂರದಿಂದ ನೋಡಿದವರು ಹೂ ಅಂತಲೇ ಫೋಟೊ ತೆಗೆಯುತ್ತಾರೆ.

ಸುರಗಿಯ ಕಾಲವೂ ಇದೇ. ಕಾಣುವುದಕ್ಕಿಂತ ಮೊದಲು ಪರಿಮಳ ಬರುತ್ತೆ. ಹೂ ಒಣಗಿದರೂ ವಾಸನೆ ಹೋಗಲ್ಲ, ಅಜ್ಜಿಯರ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇರುತ್ತಿದ್ದ ಹಾರ ಇದರದ್ದೇ. ಕಾಡೊಳಗೆ ನಾಗಸಂಪಿಗೆ, ಹಳ್ಳದ ಬದಿ ಕಾಂಡಕ್ಕೇ ಅಂಟಿಕೊಂಡು ಕಿತ್ತಳೆ ಬಣ್ಣದಲ್ಲಿ ಅರಳುವ ಸೀತಾ ಅಶೋಕ ಕೂಡ ಈಗಲೇ.

ಆರ್ಕಿಡ್‌ಗಳಲ್ಲಿ ಈ ಹೊತ್ತಿಗೆ ಡೆಂಡ್ರೋಬಿಯಂಗಳ ಸರದಿ. ಡೆಂಡ್ರೋಬಿಯಂ ಬಾರ್ಬಟ್ಯುಲಂ ಅಚ್ಚ ಬಿಳಿ, ಎಲೆಯಿಲ್ಲದ ಕಡ್ಡಿಯ ತುದಿಯಲ್ಲಿ ಗೊಂಚಲು. ಡೆಂಡ್ರೋಬಿಯಂ ಓವೇಟಂ ಕೆನೆ-ಹಳದಿ, ತುಟಿಗೆ ಹಸಿರು ಛಾಯೆ. ಇವೆರಡೂ ಪಶ್ಚಿಮಘಟ್ಟಕ್ಕೇ ಸೀಮಿತವಾದ ಗಿಡಗಳು. ಮಾರ್ಚ್-ಏಪ್ರಿಲ್‌ಗೆ ಡೆಂಡ್ರೋಬಿಯಂ ಕ್ರೆಪಿಡೇಟಂ ಬರುತ್ತೆ, ತಿಳಿ ಗುಲಾಬಿ ದಳ, ನಡುವೆ ಹಳದಿ, ಮೇಣ ಸವರಿದಂತೆ ಹೊಳಪು. ಇದು ಹಿಮಾಲಯದ ಕಡೆಯೂ ಇದೆ.

ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಹೂಮಳೆ ಬಿತ್ತು ಅಂದ್ರೆ ಆ ದಿನದಿಂದ ಲೆಕ್ಕ ಇಟ್ಟುಕೊಳ್ಳಿ. ಒಂದು ಇಂಚು, ಒಂದೂವರೆ ಇಂಚು ಮಳೆಯಾದರೆ ಸುಮಾರು ಎಂಟು-ಹತ್ತು ದಿನಕ್ಕೆ ಕಾಫಿ ಹೂ. ಬೆಟ್ಟದ ಬುಡದಿಂದ ಕಣ್ಣು ಹಾಯಿಸಿದಷ್ಟು ದೂರ ಬಿಳಿ, ಮಲ್ಲಿಗೆಯ ಹಾಗೆ ವಾಸನೆ. ಮೂರು ದಿನ ಅಷ್ಟೇ, ನಾಲ್ಕನೇ ದಿನ ಕಂದು. ಪ್ರವಾಸಿಗರು ದೂರದಿಂದ ಫೋನ್ ಮಾಡಿ ಕೇಳಿದರೆ 'ಮುಂದಿನ ಭಾನುವಾರ ಬನ್ನಿ' ಅಂತ ಹೇಳಲೇಬೇಡಿ, ಮಳೆ ಬಿದ್ದ ದಿನ ನೋಡಿ ತಾರೀಖು ಹೇಳಿ. ತೋಟದೊಳಗೆ ಹೋಗೋದಾದರೆ ಮಾಲೀಕರನ್ನು ಕೇಳಿಯೇ ಹೋಗಬೇಕು. ಹೂ ಅರಳಿದ ದಿನ ಜನ ನುಗ್ಗಿ ಗಿಡ ಅಲ್ಲಾಡಿಸಿದರೆ ಬೆಳೆಗಾರನ ಹೊಟ್ಟೆ ಉರಿಯುತ್ತೆ, ಅದರಲ್ಲೂ ರೊಬಸ್ಟಾಗೆ ಬೇರೆ ಗಿಡದ ಪರಾಗ ಬಂದೇ ಕಾಯಿ ಕಟ್ಟಬೇಕು.

ಏಪ್ರಿಲ್-ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಹಳ್ಳದ ಸಾಲಿನಲ್ಲಿ ಹೊಳೆ ದಾಸವಾಳದ ನೇರಳೆ, ಸಂಪಿಗೆ, ಪೊದೆಯಲ್ಲಿ ಕೇಪಳ. ಆರ್ಕಿಡ್ ನೋಡುವವರಿಗೆ ಇದು ಹಬ್ಬದ ಕಾಲ. ಮರದ ಪೊಟರೆಯಲ್ಲಿ, ಕವಲಿನಲ್ಲಿ ದಪ್ಪ ಬೆಲ್ಟಿನಂಥ ಎಲೆಗಳ ದೊಡ್ಡ ಪೊದೆ ಕಂಡರೆ ಅದು ಸಿಂಬಿಡಿಯಂ. ಕೆಳಕ್ಕೆ ಇಳಿಬಿದ್ದ ದಂಟಿನಲ್ಲಿ ಕಡುಗೆಂಪು ಪಟ್ಟೆಯ ಹೂ. ವಾಂಡಾ ಟೆಸ್ಟೇಸಿಯಾದ ಹೂ ಚಿಕ್ಕದು, ಹಳದಿ ದಳ, ತುಟಿ ಮಾತ್ರ ನೀಲಿ-ನೇರಳೆ. ಕಾಟೋನಿಯಾ ಅಂತ ಒಂದಿದೆ, ಉದ್ದ ತೆಳ್ಳನೆ ದಂಟಿನ ತುದಿಯಲ್ಲಿ ಒಂದು ಜೇನುನೊಣ ಕೂತಿದೆ ಅನ್ನಿಸುತ್ತೆ, ಹತ್ತಿರ ಹೋದರೆ ಅದು ಹಾರಲ್ಲ, ಅದೇ ಹೂ. ಮೇ ಹೊತ್ತಿಗೆ ಏರಿಡಿಸ್ ಕ್ರಿಸ್ಪಾ, ಗುಲಾಬಿ ತುಟಿಯ ಬಿಳಿ ಹೂಗೊಂಚಲು, ಒಳ್ಳೆ ಪರಿಮಳ. ಇದನ್ನು ಸೀತಾಳೆ ಅಂತ ತಪ್ಪು ತಿಳಿಯುವವರು ಬಹಳ. ವ್ಯತ್ಯಾಸ ಸುಲಭ: ಸೀತಾಳೆಯಲ್ಲಿ ಹೂಗಳು ಚಿಕ್ಕವು, ದಂಟು ಕಾಣದಷ್ಟು ಒತ್ತಾಗಿ ಇರುತ್ತವೆ. ಏರಿಡಿಸ್‌ನಲ್ಲಿ ಹೂ ದೊಡ್ಡದು, ಬಿಡಿಬಿಡಿ.

ನೆಲದ ಮೇಲೂ ನೋಡಿ. ಒಂದೆರಡು ಮಳೆ ಬಿದ್ದ ಮೇಲೆ ನೆಲಸಂಪಿಗೆ ಎಲೆಗೂ ಮೊದಲೇ ಮಣ್ಣಿನಿಂದ ನೇರ ಹೂವಾಗಿ ಏಳುತ್ತೆ. ನರ್ವೀಲಿಯಾ ಅನ್ನುವ ನೆಲದ ಆರ್ಕಿಡ್‌ನದ್ದೂ ಇದೇ ಕಥೆ, ಹೂ ಮುಗಿದ ಮೇಲೆ ಒಂದೇ ಒಂದು ಎಲೆ ಬರುತ್ತೆ. ಕಾಲಿಟ್ಟರೆ ಆಯ್ತು, ಆ ವರ್ಷದ ಅದರ ಕೆಲಸ ಮುಗಿಯಿತು. ಆದ್ದರಿಂದ ಕಾಲುದಾರಿ ಬಿಟ್ಟು ತರಗೆಲೆ ಮೇಲೆ ಓಡಾಡಬೇಡಿ.

ಜೂನ್ ಕೊನೆಗೆ ವಸಂತದ ಪಟ್ಟಿ ಮುಗೀತು. ಹೆಬನೇರಿಯಾದಂಥ ನೆಲದ ಆರ್ಕಿಡ್‌ಗಳು ಹುಲ್ಲಿನ ನಡುವೆ ಏಳೋದು ಜುಲೈ ಮೇಲೆ. ಕುರಿಂಜಿ ಕೇಳಿಕೊಂಡು ಏಪ್ರಿಲ್‌ನಲ್ಲಿ ಬರುವವರಿಗೆ ಸರಿಯಾಗಿ ಹೇಳಿ ಕಳಿಸಿ: ಅದು ಮಳೆಗಾಲ ಇಳಿಯುವ ಹೊತ್ತಿನ ಹೂ, ಅದೂ ಪ್ರತಿ ವರ್ಷ ಅಲ್ಲ.

ಎಲ್ಲಿ ನೋಡೋದು?

ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಬಾಬಾಬುಡನ್‌ಗಿರಿ 1,895 ಮೀಟರ್. ಆದರೆ ಆರ್ಕಿಡ್ ನೋಡೋಕೆ ತುದಿಗೆ ಹೋಗಿ ಪ್ರಯೋಜನ ಇಲ್ಲ. ತುದಿಯಲ್ಲಿ ಇರೋದು ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ, ನೀರಿನ ಸೆಲೆ ಇರುವ ಕಡೆ ಕುಳ್ಳ ಮರಗಳ ದಟ್ಟ ಕಾಡು ಕಾಣುತ್ತಲ್ಲ, ಅದು ಶೋಲಾ. ಮರದ ಮೇಲೆ ಪಾಚಿ, ಪಾಚಿಯಲ್ಲಿ ಪುಟ್ಟ ಆರ್ಕಿಡ್. ಅಲ್ಲಿಗೆ ನುಗ್ಗಬೇಡಿ, ಅಂಚಿನಿಂದಲೇ ಸಾಕಷ್ಟು ಕಾಣುತ್ತೆ.

ನಿಜವಾಗಿ ಹೆಚ್ಚು ಕಾಣೋದು ಅದಕ್ಕಿಂತ ಕೆಳಗೆ. ಕೈಮರದಿಂದ ಮೇಲಕ್ಕೆ ಹೋಗುವ ರಸ್ತೆ ಬದಿಯ ತೋಟದ ಹಳೇ ನೆರಳು ಮರಗಳು, ಅತ್ತಿಗುಂಡಿ ಸುತ್ತಮುತ್ತ, ಕೆಮ್ಮಣ್ಣುಗುಂಡಿಯ ಕಾಲುದಾರಿಗಳು. ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರ, ಮರಗಳೂ ಇವೆ, ತೇವವೂ ಇದೆ, ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಮನೆಯವರನ್ನೆಲ್ಲ ಕರೆದುಕೊಂಡು ಹೋಗುವವರಿಗೆ ನಮ್ಮ ಸಲಹೆ ಇದೇ. ಸರ್ಪದಾರಿ ಹತ್ತುವ ಹುಮ್ಮಸ್ಸಿನ ಹುಡುಗರು ಹೂ ನೋಡುವ ತಾಳ್ಮೆ ಇಟ್ಟುಕೊಂಡಿರಲ್ಲ ಅನ್ನೋದು ಅನುಭವದ ಮಾತು.

ಯಾವ ಮರ ನೋಡಬೇಕು ಅನ್ನೋದಕ್ಕೂ ಲೆಕ್ಕ ಇದೆ. ಒರಟು, ಸೀಳು ಬಿಟ್ಟ ತೊಗಟೆ, ಅಡ್ಡಕ್ಕೆ ಹರಡಿದ ದಪ್ಪ ಕೊಂಬೆ, ವಯಸ್ಸು. ನಂದಿ, ನೀಲಗಿರಿ ಮರಗಳು ತೊಗಟೆ ಸುಲಿದು ಬೀಳಿಸುತ್ತವೆ, ಅಲ್ಲಿ ಏನೂ ನಿಲ್ಲಲ್ಲ. ಸಿಲ್ವರ್ ಓಕ್‌ನಲ್ಲೂ ಕಾಣೋದು ಕಮ್ಮಿ. ಅದು ನೇರಕ್ಕೆ ಹೋಗುತ್ತೆ, ಅಡ್ಡ ಕೊಂಬೆ ಸಣ್ಣದು, ಮರ ಹಳೇದಾಗುವ ಮೊದಲೇ ಟಿಂಬರ್‌ಗೆ ಹೋಗುತ್ತೆ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ ತೋಟದಲ್ಲಿ ಸೀತಾಳೆ ಯಾಕೆ ಕಾಣೆಯಾಯಿತು ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ.

ಹೊತ್ತು ಬೆಳಿಗ್ಗೆಯದ್ದೇ ಒಳ್ಳೇದು. ಆರೂವರೆಗೆ ಶುರು ಮಾಡಿ ಹತ್ತೂವರೆಗೆ ಮುಗಿಸಿ. ಬೆಳಕು ಓರೆಯಾಗಿ ಬೀಳುವಾಗ ಕೊಂಬೆ ಮೇಲಿನ ಬಿಳಿ ಬೇರು ಎದ್ದು ಕಾಣುತ್ತೆ. ಬೇರು ಹುಡುಕಿ, ಹೂ ತಾನೇ ಸಿಗುತ್ತೆ. ಒಂದು ಸಾದಾ ಬೈನಾಕ್ಯುಲರ್ ಇದ್ದರೆ ಕತ್ತು ನೋವು ಅರ್ಧ ಕಮ್ಮಿ.

ಏಪ್ರಿಲ್-ಮೇ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲು ಗ್ಯಾರಂಟಿ ಅನ್ನುವಷ್ಟು. ಬೋಳು ಹುಲ್ಲುಗಾವಲಿನ ಏಣಿನ ಮೇಲೆ ನೀವೇ ಎತ್ತರದ ವಸ್ತು. ಮೋಡ ಕಪ್ಪಾಗುವುದು ಕಂಡರೆ ಫೋಟೊ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಬೆಳಗಿನ ಹೊತ್ತು ಕಾಡುಕೋಣ ಎದುರಾದರೆ ಕೂಗಾಡದೆ ನಿಧಾನಕ್ಕೆ ಹಿಂದೆ ಸರಿಯಿರಿ. ಮೊದಲ ಮಳೆಯ ನಂತರ ಜಿಗಣೆ, ಅದಕ್ಕೆ ಉಪ್ಪು, ಸುಣ್ಣ ಎಲ್ಲರಿಗೂ ಗೊತ್ತು.

ಫೆಬ್ರವರಿಯಿಂದ ಏಪ್ರಿಲ್ ತನಕ ಬೆಂಕಿಯ ಕಾಲವಾದ್ದರಿಂದ ಅರಣ್ಯ ಇಲಾಖೆ ಕೆಲವು ಚಾರಣ ದಾರಿಗಳನ್ನು ಮುಚ್ಚುವುದುಂಟು. ಗಿರಿ ರಸ್ತೆಗೆ ವಾಹನಗಳ ನೋಂದಣಿ ನಿಯಮವೂ ಕಾಲಕಾಲಕ್ಕೆ ಬದಲಾಗುತ್ತೆ. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಬೀಡಿ-ಸಿಗರೇಟು ವಿಷಯ ಹೇಳೋದೇ ಬೇಡ, ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಬೆಂಕಿ ಶೋಲಾ ಅಂಚಿಗೆ ಹತ್ತಿದರೆ ಕೆಳಗಿನ ಕೊಂಬೆಗಳ ಆರ್ಕಿಡ್ ಮೊದಲು ಸುಡುತ್ತೆ, ಅದು ಮತ್ತೆ ಚಿಗುರಲು ನೆಲದೊಳಗೆ ಗೆಡ್ಡೆ ಇಲ್ಲ.

ಕಿತ್ತರೆ ಏನಾಗುತ್ತೆ?

ಇದನ್ನು ಬರೆಯುವವನೂ ಒಮ್ಮೆ ತಪ್ಪು ಮಾಡಿದ್ದಾನೆ. ಹಲವು ವರ್ಷದ ಹಿಂದೆ ರಸ್ತೆ ಬದಿ ಬಿದ್ದ ಕೊಂಬೆಯಿಂದ ಸೀತಾಳೆ ಬಿಡಿಸಿ ತಂದು, ಕುಂಡಕ್ಕೆ ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬಿ ನೆಟ್ಟು, ದಿನಾ ನೀರು ಹಾಕಿದೆ. ಪ್ರೀತಿ ಜಾಸ್ತಿ ಆಯ್ತು. ಒಂದೇ ಮಳೆಗಾಲಕ್ಕೆ ಬೇರು ಕೊಳೆತು ಕಪ್ಪಾಯಿತು. ಮಣ್ಣೇ ಅದಕ್ಕೆ ವಿಷ ಅಂತ ಆಮೇಲೆ ಗೊತ್ತಾಯ್ತು.

ಕಾಡಿನ ಆರ್ಕಿಡ್ ಹುಟ್ಟೋದೇ ಕಷ್ಟ. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಯಲ್ಲಿ ಲಕ್ಷಗಟ್ಟಲೆ ಬೀಜ. ಧೂಳಿನಂತೆ ಗಾಳಿಯಲ್ಲಿ ಹಾರುತ್ತೆ. ಆದರೆ ರಾಗಿ, ಹೆಸರು ಕಾಳಿನಲ್ಲಿರುವ ಹಾಗೆ ಮೊಳಕೆಗೆ ಬೇಕಾದ ಆಹಾರದ ಗಂಟು ಆ ಬೀಜದಲ್ಲಿಲ್ಲ. ತೊಗಟೆಯಲ್ಲೋ ಮಣ್ಣಿನಲ್ಲೋ ಇರುವ ಸೂಕ್ತ ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಮೊಳಕೆ. ಸಿಗದ ಬೀಜ ಅಲ್ಲಿಗೇ ಮುಗಿಯಿತು. ಮೊಳೆತದ್ದೂ ಹೂ ಬಿಡಲು ಹಲವು ವರ್ಷ ಬೇಕು. ನೀವು ನೋಡುವ ಒಂದು ದೊಡ್ಡ ಸೀತಾಳೆ ಗುಂಪು ನಿಮ್ಮ ಮಗನಿಗಿಂತ ಹಿರಿಯದಿರಬಹುದು.

ಕಾನೂನು ಕೂಡ ಸ್ಪಷ್ಟ. ಮೀಸಲು ಅರಣ್ಯದಿಂದ ಗಿಡ, ಹೂ ಏನನ್ನು ಅನುಮತಿ ಇಲ್ಲದೆ ತಂದರೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ವನ್ಯಧಾಮ, ಹುಲಿ ಮೀಸಲು ಪ್ರದೇಶದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿ. ಆರ್ಕಿಡ್ ಕುಟುಂಬ ಪೂರ್ತಿಯಾಗಿ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಅನುಮತಿ ಪತ್ರವಿಲ್ಲದೆ ದೇಶದಾಚೆ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಯಾರೋ ಕೇಳಿದರು ಅಂತ ಕೊರಿಯರ್ ಮಾಡಿದವರಿಗೂ ಇದು ತಿಳಿದಿರಲಿ.

ಅಂಗಡಿಯವರಿಗೆ ಒಂದು ಮಾತು. ಸೀಸನ್‌ನಲ್ಲಿ ರಸ್ತೆ ಬದಿ ಬುಟ್ಟಿಯಲ್ಲಿ ಕಾಡಿನ ಗಿಡ ಇಟ್ಟು ಮಾರುವುದು ನಡೆಯುತ್ತೆ. ಮಾರುವವರಿಗೆ ನೂರೋ ಇನ್ನೂರೋ ಸಿಗುತ್ತೆ, ಒಯ್ದವರ ಬಾಲ್ಕನಿಯಲ್ಲಿ ಮೂರು ತಿಂಗಳಿಗೆ ಗಿಡ ಸಾಯುತ್ತೆ. ಮುಂದಿನ ವರ್ಷ ತೋರಿಸೋಕೆ ಆ ಮರದಲ್ಲಿ ಹೂ ಇರಲ್ಲ. ಮರದ ಮೇಲೇ ಇದ್ದರೆ ಅದೇ ಗಿಡ ನೋಡಲು ಪ್ರತಿ ಮೇ ತಿಂಗಳು ಜನ ಬರ್ತಾರೆ, ಟೀ ಕುಡೀತಾರೆ, ರೂಮು ಮಾಡ್ತಾರೆ. ಆರ್ಕಿಡ್ ಮಾರಲೇಬೇಕು ಅನ್ನುವವರು ನರ್ಸರಿಯ ಹೈಬ್ರಿಡ್ ಡೆಂಡ್ರೋಬಿಯಂ, ಫಲನಾಪ್ಸಿಸ್ ತರಿಸಿ ಮಾರಿ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಗಿಡಗಳು ಅವು, ಬಿಲ್ ಇಟ್ಟುಕೊಳ್ಳಿ. ಗ್ರಾಹಕರಿಗೂ ಅವುಗಳನ್ನು ಬದುಕಿಸಿಕೊಳ್ಳೋದು ಸುಲಭ.

ಮರಗಸಿ ಹೊತ್ತಿನಲ್ಲಿ ಹೀಗೆ ಮಾಡಿ

ನಮ್ಮ ತಾಲ್ಲೂಕಿನಲ್ಲಿ ಆರ್ಕಿಡ್‌ಗೆ ದೊಡ್ಡ ಕಂಟಕ ಕಳ್ಳರಲ್ಲ, ಕತ್ತಿ. ಮಳೆಗಾಲಕ್ಕೆ ಮೊದಲು ನೆರಳು ಬಿಡಿಸಲು ಕೊಂಬೆ ಕಡಿಯುತ್ತೇವಲ್ಲ, ಸೀತಾಳೆ ಮೊಗ್ಗು ಬಿಡೋದು ಸರಿಯಾಗಿ ಆಗಲೇ. ಕೊಂಬೆ ಜೊತೆ ಗಿಡವೂ ನೆಲಕ್ಕೆ, ಎರಡು ವಾರದಲ್ಲಿ ಸೌದೆ ರಾಶಿಗೆ. ಮರಗಸಿ ಬೇಡ ಅಂತ ಯಾರೂ ಹೇಳಲ್ಲ, ಬೆಳಕು ಬೀಳದಿದ್ದರೆ ಕಾಫಿ ಬರಲ್ಲ. ಮರ ಹತ್ತುವವರಿಗೆ ಮೊದಲೇ ತೋರಿಸಿ ಹೇಳಿದರೆ ಹತ್ತರಲ್ಲಿ ಆರು ಕೊಂಬೆ ಉಳಿಸಬಹುದು. ಉಳಿಸಲಾಗದ್ದನ್ನು, ನಿಮ್ಮ ತೋಟದಲ್ಲಿ ಬಿದ್ದದ್ದನ್ನು, ನಿಮ್ಮ ತೋಟದಲ್ಲೇ ಮತ್ತೆ ಕಟ್ಟಬಹುದು.

ಬೇರನ್ನು ತೊಗಟೆಯಿಂದ ಕೀಳಬೇಡಿ. ಗಿಡ ಇರುವಷ್ಟು ಕೊಂಬೆಯ ತುಂಡನ್ನೇ ಗರಗಸದಲ್ಲಿ ಕೊಯ್ದುಕೊಳ್ಳಿ. ಹತ್ತಿರದ ಒರಟು ತೊಗಟೆಯ ಕಾಡುಮರ ಆರಿಸಿ, ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಮಗ್ಗುಲಲ್ಲಿ, ದನ-ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ತುಂಡನ್ನು ಇಟ್ಟು ತೆಂಗಿನ ನಾರಿನ ಹಗ್ಗದಿಂದಲೋ ಹಳೇ ಕಾಟನ್ ಬಟ್ಟೆಯಿಂದಲೋ ಬಿಗಿಯಾಗಿ ಕಟ್ಟಿ. ತಂತಿ ಬೇಡ, ಮರದ ತೊಗಟೆ ಕೊರೆಯುತ್ತೆ. ಪ್ಲಾಸ್ಟಿಕ್ ಸುತ್ತಬೇಡಿ. ಮಣ್ಣು, ಸಗಣಿ, ರಸಗೊಬ್ಬರ ಏನೂ ಬೇಡ. ಎಲೆಗಳ ನಡುವೆ ನೀರು ನಿಲ್ಲದ ಹಾಗೆ ಗಿಡವನ್ನು ಸ್ವಲ್ಪ ಓರೆ ಮಾಡಿ ಇಡಿ. ಮುಂಗಾರಿಗೆ ಮೊದಲು ಕಟ್ಟಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಬೇರು ಮರ ಹಿಡಿದಿರುತ್ತೆ, ನಾರಿನ ಹಗ್ಗ ತಾನೇ ಕೊಳೆತು ಬೀಳುತ್ತೆ. ಆ ವರ್ಷ ಹೂ ಬರದಿದ್ದರೆ ಬೇಜಾರು ಮಾಡ್ಕೋಬೇಡಿ.

ರಸ್ತೆ ಅಗಲೀಕರಣಕ್ಕೆ, ಲೈನ್ ಎಳೆಯಲು ಸಾಲುಮರ ಕಡಿಯುವಾಗಲೂ ಇದೇ ಕೆಲಸ ಆಗಬೇಕು. ಆದರೆ ಅದು ಸರ್ಕಾರಿ ಮರ, ನಾವೇ ಹೋಗಿ ಎತ್ತಿಕೊಂಡು ಬರುವ ಹಾಗಿಲ್ಲ. ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ, ಅವರ ಸಮ್ಮತಿ ಪಡೆದು ಕಟ್ಟಿಸಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲಾತಿ ಪುಸ್ತಕವೂ ಇರಬೇಕು. ನಿಮ್ಮ ಪಂಚಾಯಿತಿಯ ಪುಸ್ತಕದಲ್ಲಿ ಸೀತಾಳೆ ಇರುವ ಹಳೇ ಮರಗಳ ಹೆಸರಿದೆಯಾ ಅಂತ ಒಮ್ಮೆ ಕೇಳಿ ನೋಡಿ. ಬರೆದಿಟ್ಟದ್ದನ್ನು ಉಳಿಸಿ ಅಂತ ಕೇಳೋದು ಸುಲಭ.

ಫೋಟೊ ತೆಗೆದ ಮೇಲೆ

ಹೂ ಹತ್ತಿರ ಬರಲಿ ಅಂತ ಕೊಂಬೆ ಬಗ್ಗಿಸಬೇಡಿ, ನಲವತ್ತು ವರ್ಷದ ಕೊಂಬೆ ಒಂದು ಸೆಲ್ಫಿಗೆ ಮುರಿದದ್ದಿದೆ. ಹೂ ಒಂದು, ಎಲೆ-ಬೇರು ಒಂದು, ಮರ ಪೂರ್ತಿ ಒಂದು, ಹೀಗೆ ಮೂರು ಫೋಟೊ ಇದ್ದರೆ ಹೆಸರು ಪತ್ತೆ ಹಚ್ಚಬಹುದು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ತಿಳಿದವರು ಹೆಸರು ಹೇಳ್ತಾರೆ, ನಮ್ಮ ಗಿರಿಯಲ್ಲಿ ಯಾವುದು ಯಾವಾಗ ಅರಳಿತು ಅನ್ನೋದಕ್ಕೂ ದಾಖಲೆ ಆಗುತ್ತೆ. ಅಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ವಾಟ್ಸಾಪ್ ಸ್ಟೇಟಸ್‌ಗೆ, ರೀಲ್ಸ್‌ಗೆ ಹಾಕುವಾಗ ಲೊಕೇಶನ್ ಹಾಕಬೇಡಿ. 'ಚಂದ್ರದ್ರೋಣ ತಪ್ಪಲು' ಅಂದರೆ ಸಾಕು, ಯಾವ ತಿರುವಿನ ಯಾವ ಮರ ಅಂತ ಹೇಳೋದು ಬೇಡ.

ಓದುಗರು ತಮ್ಮ ಊರಿನ ಸೀತಾಳೆಯ ಫೋಟೊ ಕಳಿಸಬಹುದು. ಊರಿನ ಹೆಸರು, ಅರಳಿದ ತಾರೀಖು, ಮರ ಯಾವುದು ಇಷ್ಟು ಬರೆಯಿರಿ. ಮರದ ಜಾಗ ನಾವೂ ಹಾಕುವುದಿಲ್ಲ.